ಮುಂದಿನ ಸೀಟು

ಆ ಭಾನುವಾರ ಬೆಳಿಗ್ಗೆ ಅಕ್ಕ ನನ್ನನ್ನು ಮೂರು ಸಲ ಎಸ್ಟೇಟಿನ ಕೆರೆಗೆ ಬೀಳಿಸಿದಳು. ಕಾಫಿ ಗಿಡಗಳ ಸ್ಪ್ರಿಂಕ್ಲರಿಗೆ ನೀರು ಕೊಡುವ ಕೆರೆ ಅದು. ದೋಣಿ ಮಗುಚಿದರೆ ಮತ್ತೆ ಹತ್ತುವುದು ಹೇಗೆಂದು ಕಲಿಸುತ್ತಿದ್ದಳು. ಅವಳು ವಸ್ತಾರೆಯ ಹತ್ತಿರದ ಶಾಲೆಯಲ್ಲಿ ಡ್ರಿಲ್ ಟೀಚರ್, ನಾನು ಎಸ್ಟೇಟ್ ಆಫೀಸಿನಲ್ಲಿ ಗುಮಾಸ್ತೆ. ಮುಂದಿನ ತಿಂಗಳು ಗೋಕರ್ಣದ ಕಡಲ ಬದಿಯಲ್ಲಿ ಎರಡು ದಿನ ನಡೆದು, ಎರಡು ದಿನ ಕಯಾಕ್ ಎಂಬ ಇಬ್ಬರು ಕೂರುವ ಸಣ್ಣ ದೋಣಿಯಲ್ಲಿ ಹೋಗುವ ತಂಡಕ್ಕೆ ಇಬ್ಬರೂ ಹೆಸರು ಕೊಟ್ಟಿದ್ದೆವು.

"ಮುಂದಿನ ಸೀಟು ನಂದು. ನೀನು ಹಿಂದೆ ಕೂತು ನನ್ನ ಬೆನ್ನು ನೋಡ್ತಾ ಹುಟ್ಟು ಹಾಕು," ಎಂದಳು.

ಮರುದಿನ ಶಾಲೆಗೆ ಹೋಗುವಾಗ ಅವಳ ಸ್ಕೂಟರಿಗೆ ಲಾರಿ ಗುದ್ದಿತು. ಆಸ್ಪತ್ರೆ ತಲುಪುವ ಮೊದಲೇ ಮುಗಿದಿತ್ತು.

ಹದಿಮೂರರ ಊಟವಾಗಿ ಎಂಟು ದಿನ ಕಳೆದಿರಲಿಲ್ಲ, ನಾನು ಚೀಲ ಕಟ್ಟಿದೆ. ಚಿಕ್ಕಪ್ಪ ಬಾಗಿಲಲ್ಲಿ ನಿಂತರು.

"ಈಗ ಗಟ್ಟ ಇಳಿಯೋದುಂಟಾ? ಆಯ್ತು, ಗೋಕರ್ಣ ತಾನೆ. ಭಟ್ಟರ ಕೈಲಿ ಎಳ್ಳುನೀರು ಬಿಡಿಸಿ ಬಾ. ಕೇಳಿದವ್ರಿಗೆ ಅದಕ್ಕೇ ಹೋದ್ಲು ಅಂತೀನಿ."

"ಹುಟ್ಟು ಹಾಕೋಕೆ ಹೋಗ್ತಿದೀನಿ ಚಿಕ್ಕಪ್ಪ. ಹಾಗೇ ಹೇಳಿ."

ನಡಿಗೆ ಕಷ್ಟವಾಗಲಿಲ್ಲ. ಕಳಸದ ಏರು ಹತ್ತಿದ ಕಾಲಿಗೆ ಆ ಕೆಂಪು ಗುಡ್ಡಗಳು ದೊಡ್ಡವಲ್ಲ. ಪ್ರತಿ ತುದಿಯಲ್ಲೂ ಕೆಳಗೆ ಕಡಲು ಕಂಡಾಗ ಉಳಿದವರು ಚಂದ ಎಂದು ನಿಲ್ಲುತ್ತಿದ್ದರು. ಚಂದವೇ ಇತ್ತು. ನನಗೆ ಅದರ ಮೇಲೆ ಸಿಟ್ಟು ಬರುತ್ತಿತ್ತು.

ಮೂರನೇ ದಿನ ತಂಡದ ಮುಂದಾಳು, ಅಲ್ಲಿನ ಮೀನುಗಾರರ ಮನೆಯವರೊಬ್ಬರು, ನನ್ನ ಕಯಾಕ್‌ನ ಮುಂದಿನ ಸೀಟಿನಲ್ಲಿ ಬೇರೊಬ್ಬರನ್ನು ಕೂರಿಸಲು ಬಂದರು. ನಾನು ಒಪ್ಪಲಿಲ್ಲ.

"ಮುಂದೆ ಭಾರ ಇಲ್ದಿದ್ರೆ ದೋಣಿ ಮೂತಿ ಮೇಲೆದ್ದು ಗಾಳಿಗೆ ತಿರುಗ್ತದೆ," ಎಂದರು.

ನಾನು ಬಟ್ಟೆ ತುಂಬಿ ತಂದಿದ್ದ ಕಾಫಿ ಗೋಣಿಚೀಲ ಖಾಲಿ ಮಾಡಿ ಅದಕ್ಕೆ ಮರಳು ತುಂಬತೊಡಗಿದೆ.

"ಚೀಲ ಹುಟ್ಟು ಹಾಕೂದಿಲ್ಲ ಮಾರಾಯ್ರೆ."

"ಪರವಾಗಿಲ್ಲ. ಮಾತೂ ಆಡಲ್ಲವಲ್ಲ."

ಅವರು ನಕ್ಕು ಹಗ್ಗ ತಂದು ಚೀಲವನ್ನು ಬಿಗಿದು ಕೊಟ್ಟರು.

ಆ ದಿನ ಕಡಲು ಸುಮ್ಮನಿತ್ತು. ನಾಲ್ಕನೇ ದಿನ ಬಂಡೆಯ ಮೂಲೆ ದಾಟುತ್ತಿದ್ದಂತೆ ಗಾಳಿ ಎದ್ದಿತು. ಅಲೆ ಬಡಿದು ಮರಳು ನೀರು ಕುಡಿದು, ಮೂತಿ ತಗ್ಗಿತು. ಮುಂದಾಳು ತಮ್ಮ ಕಯಾಕ್‌ನಲ್ಲಿ ಪಕ್ಕಕ್ಕೆ ಬಂದು ಕೂಗಿದರು.

"ಚೀಲ ನೀರಿಗೆ ಹಾಕಿ. ನನ್ನ ಹಗ್ಗ ಹಿಡೀರಿ, ಎಳ್ಕೊಂಡು ಹೋಗ್ತೇನೆ."

ಎಳೆಸಿಕೊಂಡು ಹೋಗಲು ನಾನು ಬಂದಿರಲಿಲ್ಲ. ಊರಲ್ಲಿ ಇಪ್ಪತ್ತು ದಿನದಿಂದ ಎಲ್ಲರೂ ನನ್ನನ್ನು ಕೈಹಿಡಿದು ಕೂರಿಸಿ, ಎಬ್ಬಿಸಿ, ಉಣ್ಣಿಸಿದ್ದರು. ಅಕ್ಕನ ಬಟ್ಟೆಗಳನ್ನೂ ಕೇಳದೆ ಹಂಚಿಬಿಟ್ಟಿದ್ದರು. ಈ ಒಂದು ಜಾಗ ಯಾರಿಗೆ ಎಂದು ಹೇಳುವವಳು ನಾನೊಬ್ಬಳೇ. ಆದರೆ ಕಯಾಕ್ ಮುಳುಗಿದರೆ ಆ ಜಾಗವೂ ಇಲ್ಲ. ಮುಂದಕ್ಕೆ ಬಾಗಿ ಚೀಲದ ಬಾಯಿ ಬಿಚ್ಚಿ, ಅರ್ಧ ಮರಳನ್ನು ಕೈಯಾರೆ ಬಾಚಿ ಕಡಲಿಗೆ ಚೆಲ್ಲಿದೆ. ಅರ್ಧ ಉಳಿಸಿಕೊಂಡೆ. ಹಗ್ಗ ಹಿಡಿಯಲಿಲ್ಲ.

ಉಳಿದವರು ದಡ ಸೇರಿ ಊಟ ಮುಗಿಸಿದ ಮೇಲೆ ನಾನು ಬಂದೆ. ಅಂಗೈ ಕಿತ್ತುಹೋಗಿತ್ತು. ಮುಂದಾಳು ಮೊಣಕಾಲುದ್ದ ನೀರಿಗಿಳಿದು ಕಯಾಕ್ ಹಿಡಿದರು.

"ಹಟ ಮಾರಾಯ್ರೆ ನಿಮ್ದು," ಎಂದರು. ಬೈದರೋ ಹೊಗಳಿದರೋ ಗೊತ್ತಾಗಲಿಲ್ಲ.

ಊರಿಗೆ ಬಂದೆ. ಇದನ್ನೆಲ್ಲ ಮೊದಲು ಕೇಳಬೇಕಾದವಳು ಅಕ್ಕ. ಅವಳಿಲ್ಲ.