ಹೊಟ್ಟೆ ಕೆಟ್ಟ ಗ್ಯಾಸ್ ತೊಟ್ಟಿ

ಹಾಸ್ಟೆಲಿನ ಅಡುಗೆಮನೆ ಹಿಂದೆ ಒಂದು ಗ್ಯಾಸ್ ತೊಟ್ಟಿ. ಅದಕ್ಕೆ ಉಣ್ಣಿಸುವ ಕೆಲಸ ದೊಡ್ಡಕ್ಕನದು. ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅನ್ನ, ತರಕಾರಿ ಸಿಪ್ಪೆ ಎಲ್ಲ ಕಿವುಚಿ, ನೀರು ಬೆರೆಸಿ ಒಳಗೆ ಹೊಯ್ದರೆ ಅದು ಕೊಳೆತು ಗ್ಯಾಸಾಗಿ ಒಂದು ಒಲೆ ಉರಿಯುತ್ತಿತ್ತು. ವಯಸ್ಸಾದ ಮೈಗೆ ಹಗುರ ಕೆಲಸ ಸಿಕ್ಕಿತಲ್ಲ ಎಂದು ಅವಳು ನೆಮ್ಮದಿಯ ಉಸಿರುಬಿಟ್ಟಿದ್ದಳು.

ಅದಕ್ಕೆ ಮುಂಚೆ ಎಂಜಲೆಲ್ಲ ಲಾರಿ ಹತ್ತಿ ಕಸದ ಗುಡ್ಡಕ್ಕೆ ಹೋಗುತ್ತಿತ್ತು. ಗುಡ್ಡದ ಬುಡದಲ್ಲೇ ದೊಡ್ಡಕ್ಕನ ಮನೆ. ಊರಿನ ಎಂಜಲಲ್ಲಿ ಮುಕ್ಕಾಲುಪಾಲು ಈ ಹಾಸ್ಟೆಲಿನದೇ. ಅದು ಅಲ್ಲಿ ಬಿದ್ದು ಕೊಳೆತಾಗಲೆಲ್ಲ ಗಂಡನ ಉಬ್ಬಸ ಕೆರಳಿ, ಆತ ಗೋಡೆಗೊರಗಿ ಏದುಸಿರು ಬಿಡುತ್ತಿದ್ದ.

ಹೀಗಿರುವಾಗ ಹಾಸ್ಟೆಲಿನಲ್ಲಿ ವಾರ್ಷಿಕೋತ್ಸವದ ಊಟ. ಡ್ರಮ್ಮುಗಟ್ಟಲೆ ಎಂಜಲು, ಜೊತೆಗೆ ಶರಬತ್ತಿಗೆ ಹಿಂಡಿದ ನಿಂಬೆಹೋಳು. ಹುಳಿ ತೊಟ್ಟಿಗೆ ಆಗದು, ಹೋಳನ್ನು ಆರಿಸಿ ತೆಗೆಯಬೇಕಿತ್ತು. ಆದರೆ ಸೊಂಟ ಬಿದ್ದುಹೋಗಿತ್ತು. ಹಾಳಾಗಿ ಹೋಗಲಿ ಅಂತ ಎಲ್ಲವನ್ನೂ ಒಟ್ಟಿಗೆ ಬಗ್ಗಿಸಿಬಿಟ್ಟಳು.

ತೊಟ್ಟಿ ಮುನಿಸಿಕೊಂಡಿತು. ಹುಳಿ ನಾತ ಎದ್ದಿತು, ಒಲೆ ಹತ್ತಲಿಲ್ಲ.

"ಏನಕ್ಕಾ, ನಿನ್ನ ಕೂಸಿಗೆ ಹೊಟ್ಟೆ ಕೆಟ್ಟಿದೆಯಂತೆ?" ಅಡುಗೆಯವನು ಛೇಡಿಸಿದ.

"ನೀನು ಬೇಯಿಸಿದ್ದು ತಿಂದು ಯಾರ ಹೊಟ್ಟೆ ನೆಟ್ಟಗಿದೆಯಪ್ಪಾ?"

ಮ್ಯಾನೇಜರು ಮೂಗು ಮುಚ್ಚಿಕೊಂಡೇ ಬಂದರು. "ಸುಧಾರಿಸೋವರೆಗೂ ಅದನ್ನ ಉಪವಾಸ ಇಡ್ಬೇಕಂತೆ ಅಕ್ಕ. ಅಲ್ಲೀವರೆಗೂ ಇಷ್ಟನ್ನ ಎಲ್ಲಿ ಸುರಿಯೋದು? ಲಾರಿಗೆ ಹೇಳ್ತೀನಿ."

ದೊಡ್ಡಕ್ಕ ಅಡ್ಡ ಬಂದಳು. "ಲಾರಿ ಬೇಡ ಸಾರ್. ಹಿತ್ತಲಲ್ಲಿ ಗೊಬ್ಬರ ಮಾಡೋಣ. ಒಣಗಿದ ಎಲೆ ಸುಮ್ನೆ ಸುಡ್ತೀವಲ್ಲ, ಅದೊಂದು ಪದರ, ಎಂಜಲೊಂದು ಪದರ."

"ದಿನಾ ಮಗುಚದೇ ಇದ್ರೆ ಇದಕ್ಕಿಂತ ನಾರುತ್ತೆ. ಹೊಸಬರನ್ನ ಇಟ್ಕೊಳ್ಳೋದು ನನ್ನ ಕೈಲಿಲ್ಲ. ಯಾರು ಮಗುಚ್ತಾರೆ?"

"ಕೆಡಿಸಿದ್ದು ನಾನು. ನಾನೇ ಮಗುಚ್ತೀನಿ."

"ನಾತ ಬಂದ್ರೆ ಲಾರೀನೇ, ಆಮೇಲೆ ನನ್ನ ಅನ್ಬೇಡಿ."

ಶುರುವಿಗೆ ರಾಶಿ ನೀರು ಬಿಟ್ಟು ಲೊಳಲೊಳ ಆಯಿತು. ದೊಡ್ಡಕ್ಕ ಎಲೆಯ ಮೇಲೆ ಎಲೆ ಸುರಿದಳು, ಸಲಿಕೆ ಹಾಕಿ ಕೆಳಗಿನದನ್ನು ಮೇಲೆ ತಂದಳು. ಅಡುಗೆಯವನು ಬಂದು, "ಗೊಬ್ಬರ ಆಗೋದ್ರೊಳಗೆ ನೀನೇ ಮಣ್ಣಾಗ್ತೀಯ, ಕೊಡಿಲ್ಲಿ" ಎಂದು ಸಲಿಕೆ ಕಿತ್ತುಕೊಂಡ. ನಾಲ್ಕು ಸಲ ಎತ್ತಿ ಹಾಕುವಷ್ಟರಲ್ಲಿ ಒಲೆ ಮೇಲಿನದು ಸೀದ ವಾಸನೆ ಬಂದು ಓಡಿದ. ಬರಬರುತ್ತಾ ರಾಶಿ ಒಳಗೊಳಗೇ ಕಾದು ಹಬೆಯಾಡಿತು. ನಾತ ಇಳಿಯಿತು.

ತೊಟ್ಟಿಯೂ ಚೇತರಿಸಿಕೊಂಡು ಒಲೆ ಹತ್ತಿದಾಗ ಮ್ಯಾನೇಜರು, "ಇನ್ನು ಎಲ್ಲಾ ತೊಟ್ಟಿಗೇ ಹಾಕಿ, ನಿಮಗೂ ಬಿಡುವು" ಅಂದರು.

ದೊಡ್ಡಕ್ಕನಿಗೂ ಅದೇ ಆಸೆ. ಸಲಿಕೆ ಕಂಡರೆ ಮೈ ಬೇಡ ಅನ್ನುತ್ತಿತ್ತು. ಆದರೂ ಹೇಳಿದಳು: "ಅದಕ್ಕೆ ಅರಗುವಷ್ಟೇ ಅದಕ್ಕೆ, ಸಾರ್. ಮಿಕ್ಕಿದ್ದು ರಾಶಿಗೆ. ಇನ್ನೊಂದ್ಸಲ ಅದು ಮಲಗಿದ್ರೆ ಲಾರಿ ಬರುತ್ತೆ."

ಅವತ್ತು ಮನೆಗೆ ಬಂದವಳಿಗೆ ತಲೆ ಬಾಚಲು ಬಲಗೈ ಮೇಲೇಳಲಿಲ್ಲ. ಗಂಡ ಬಾಚಣಿಗೆ ಇಸಿದುಕೊಂಡು ಹಿಂದೆ ಕೂತ. "ಸಿಕ್ಕು ಎಳೀಬೇಡಿ" ಅಂತ ಗದರಿದಳು. ಆತನ ಉಸಿರು ಉಬ್ಬಸದ ಸದ್ದಿಲ್ಲದೆ ಅವಳ ಕುತ್ತಿಗೆಗೆ ತಾಕುತ್ತಿತ್ತು. ಕೂತಲ್ಲೇ ಅವಳಿಗೆ ಜೋಂಪು ಹತ್ತಿತು.