ನಾಗಿ ಸಿದ್ದಿಯ ಮಗನನ್ನು ಹುಡುಕಿಕೊಂಡು

ಹುಬ್ಬಳ್ಳಿಯಿಂದ ಬೆಳಿಗ್ಗೆ ಆರೂವರೆಗೆ ಹೊರಡಬೇಕಾಗಿದ್ದ ದಾಂಡೇಲಿ ಬಸ್ಸು ಏಳೂಕಾಲಿಗೆ ಹೊರಟಿತು. ಟಿಕೆಟ್ಟಿಗೆ ಎಂಟು ರೂಪಾಯಿ. ನನ್ನ ಚೀಲದಲ್ಲಿ ಎರಡು ಸೀರೆ, ಒಂದು ಛತ್ರಿ, ಒಂದು ಡಬ್ಬಿ ಅವಲಕ್ಕಿ ಮತ್ತು ಮೂವರು ಗಂಡಸರ ಹೆಸರು ಬರೆದ ಮೂರು ಹಳದಿ ಫಾರ್ಮುಗಳಿದ್ದವು. ಎಂಬತ್ತರ ದಶಕದ ಮೊದಮೊದಲ ವರ್ಷಗಳು, ನವರಾತ್ರಿಯ ದಿನಗಳು. ಊರವರೆಲ್ಲ ಹಬ್ಬದ ಸಾಮಾನು ಹೊತ್ತು ಬಸ್ಸು ಹತ್ತುತ್ತಿದ್ದರೆ ನಾನು ಕುಡುಕರನ್ನು ಹುಡುಕಲು ಹೊರಟಿದ್ದೆ. ಪಕ್ಕದಲ್ಲಿ ಕೂತ ಹೆಣ್ಣುಮಗಳು ‘ಯಾರ ಮನಿಗೆ ಹೊಂಟೀರಿ?’ ಎಂದಾಗ ‘ಬೀಗರ ಮನಿಗೆ’ ಎಂದು ಸುಳ್ಳು ಹೇಳಿದೆ.

ಹುಬ್ಬಳ್ಳಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ವಾರ್ಡಿನ ಸಮಾಜ ಕಾರ್ಯಕರ್ತೆ ನಾನು. ನಮ್ಮ ಡಾಕ್ಟರ್ ಸಾಹೇಬರು ಆಗ ಒಂದು ಸಂಶೋಧನೆ ನಡೆಸಿದ್ದರು. ಒಂದು ಗುಳಿಗೆ ಇದೆ. ಅದು ಹೊಟ್ಟೆಯಲ್ಲಿರುವಾಗ ಸೆರೆ ಕುಡಿದರೆ ಮುಖ ಕೆಂಡವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕರುಳು ಕಿತ್ತು ಬರುವ ಹಾಗೆ ವಾಂತಿಯಾಗುತ್ತದೆ. ಕೆಲವೊಮ್ಮೆ ಜೀವಕ್ಕೇ ಅಪಾಯ. ಆ ಹೆದರಿಕೆಯೇ ಔಷಧ. ಗುಳಿಗೆಯಲ್ಲಿ ದೋಷವಿಲ್ಲ, ಅದನ್ನು ದಿನಾ ನುಂಗುವವರು ಯಾರು ಎಂಬುದೇ ಪ್ರಶ್ನೆ. ಮನೆಗೆ ಹೋದ ಗಂಡಸು ಮೂರನೇ ದಿನ ಅದನ್ನು ಬಚ್ಚಲಿಗೆ ಎಸೆಯುತ್ತಾನೆ. ಆದ್ದರಿಂದ ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿದ್ದೆವು. ಒಂದು ಗುಂಪಿನವರ ಕೈಗೆ ಗುಳಿಗೆ ಕೊಟ್ಟು ಕಳಿಸಿದೆವು. ಇನ್ನೊಂದು ಗುಂಪಿನವರು ದಿನಾ ಬೆಳಿಗ್ಗೆ ಮನೆಯ ಒಬ್ಬರ ಮುಂದೆಯೇ ನುಂಗಿ, ಬಾಯಿ ತೆರೆದು ತೋರಿಸಬೇಕು. ಹಾಗೆ ನೋಡುವವರನ್ನು ‘ಸಾಕ್ಷಿ’ ಎಂದು ಕರೆದೆವು.

ಸಾಕ್ಷಿಯ ಉಪಾಯ ನನ್ನದು. ಸಾಹೇಬರು ಒಪ್ಪಿದರೂ ಅದಕ್ಕೆ ‘ಬಾಯಾರ ಅಡಿಗಿಮನಿ ವಿದ್ಯಾ’ ಎಂದು ಹೆಸರಿಟ್ಟಿದ್ದರು. ಆರು ತಿಂಗಳಾದ ಮೇಲೆ ಪ್ರತಿಯೊಬ್ಬನನ್ನೂ ಕಣ್ಣಾರೆ ನೋಡಬೇಕು, ಸಿಗದವನನ್ನು ಕುಡಿಯುತ್ತಿದ್ದಾನೆ ಎಂದೇ ಬರೆಯಬೇಕು ಎಂಬುದು ನಿಯಮ. ಕಠಿಣವಾದರೂ ನ್ಯಾಯವಾದ ನಿಯಮ. ಈಗ ಸಿಗದೆ ಉಳಿದ ಮೂವರೂ ನನ್ನ ಗುಂಪಿನವರೇ! ಮುಂದಿನ ವಾರ ಲೆಕ್ಕ ನೋಡಲು ಕಮಿಟಿ ಕೂಡುವುದಿತ್ತು. ಮೂವರೂ ಕೈಬಿಟ್ಟರೆ ನನ್ನ ವಿದ್ಯೆ ಅಲ್ಲಿಗೆ ಮುಗಿದಂತೆ. ಸಾಹೇಬರು ಆಗಲೇ ‘ಮುಂದ ಎಲ್ಲಾರ ಕೈಗೂ ಗುಳಿಗಿ ಕೊಟ್ಟ ಕಳಸೂಣು, ಸಾಕ್ಷಿ ಪಾಕ್ಷಿ ತಲಿಬ್ಯಾನಿ ಯಾಕ?’ ಎನ್ನತೊಡಗಿದ್ದರು.

ಮೂವರಲ್ಲಿ ಮೂರನೆಯವನು ಮುಂಡಗೋಡ ಕಡೆಯ ಸುಬ್ರಾಯ ಸಿದ್ದಿ. ಕುಡುಕನೆಂಬ ಹೆಸರು ಊರಲ್ಲಿ ಹರಡಬಾರದೆಂದು ನಾವು ಕಾಗದವನ್ನು ರೋಗಿಗಲ್ಲ, ಸಾಕ್ಷಿಗೆ ಬರೆಯುತ್ತಿದ್ದೆವು. ಅವನ ಸಾಕ್ಷಿ ತಾಯಿ ನಾಗಿ ಸಿದ್ದಿ. ಆಕೆಗೆ ಬರೆದ ಕಾರ್ಡು ‘ತೀರಿಕೊಂಡಿದ್ದಾರೆ’ ಎಂಬ ಷರಾದೊಂದಿಗೆ ವಾಪಸು ಬಂದಿತ್ತು. ‘ಇವನ್ನ ಬಿಡ್ರಿ’ ಎಂದಿದ್ದರು ಸಾಹೇಬರು. ‘ಸಾಕ್ಷಿನೇ ಹೋದ ಮ್ಯಾಲೆ ಗುಳಿಗಿ ಯಾರ ಮುಂದ ನುಂಗತಾನ? ದಾಂಡೇಲಿ, ಅನಮೋಡ ಎರಡ ನೋಡ್ಕೊಂಡ ಬರ್ರಿ.’ ನಾನು ಹೂಂ ಎಂದು ಮೂರೂ ಫಾರ್ಮು ಚೀಲಕ್ಕೆ ಹಾಕಿಕೊಂಡೆ. ಹಟ ನನ್ನ ಹುಟ್ಟುಗುಣ.

ಹಳಿಯಾಳ ದಾಟುವಾಗ ಸಣ್ಣ ಮಳೆ ಹಿಡಿಯಿತು. ಮುಂದೆ ಬಿದಿರು ತುಂಬಿದ ಲಾರಿಗಳ ಹಿಂದೆ ಬಸ್ಸು ಆಮೆಯಂತೆ ತೆವಳಿ, ದಾಂಡೇಲಿ ಮುಟ್ಟಿದಾಗ ಹತ್ತೂವರೆ ದಾಟಿತ್ತು. ಮಿಲ್ಲಿನ ಕೆಲಸಗಾರ ಶಂಕ್ರಪ್ಪ ಮನೆ ಬದಲಿಸಿದ್ದರಿಂದ ನಮ್ಮ ಕಾಗದ ಅವನ ಹೆಂಡತಿಗೆ ಮುಟ್ಟಿರಲಿಲ್ಲ. ಬಂಗೂರನಗರದ ಸಾಲುಮನೆಗಳಲ್ಲಿ ಅಡ್ಡಾಡಿ ಕಾಲು ಸೋತು, ನಳದ ಹತ್ತಿರ ನೀರಿಗೆ ನಿಂತ ಒಬ್ಬಾಕೆಯನ್ನು ಕೇಳಿದೆ.

‘ಯಾವ ಶಂಕ್ರಪ್ಪರೀ? ಗುಳಿಗಿ ಶಂಕ್ರಪ್ಪ ಏನು?’

ನನಗೆ ನಗು ತಡೆಯಲಾಗಲಿಲ್ಲ. ನಾವು ಮಾನ ಕಾಯಲು ಅಷ್ಟು ಕಷ್ಟಪಟ್ಟರೆ ಓಣಿಯೇ ಅವನಿಗೆ ಹೆಸರಿಟ್ಟು ಕೂತಿದೆ. ಮನೆಯಲ್ಲಿ ಅವನ ಹೆಂಡತಿ ನೀಲವ್ವ ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡಳು. ‘ಬರ್ರಿ ಬಾಯಾರ, ಬಿಸಿ ರೊಟ್ಟಿ ಅದಾವ. ಒಂದ ದಿನಾ ತಪ್ಪಿಸಿಲ್ಲ ನೋಡ್ರಿ. ಓಣಿ ಹೆಣ್ಮಕ್ಕಳು ಈಗ ತಂತಮ್ಮ ಗಂಡಂದ್ರಿಗೂ ಅದನ್ನ ಕೊಡಸ್ರಿ ಅಂತಾರ.’ ಶಂಕ್ರಪ್ಪ ನಾಚಿಕೊಂಡು ಗೋಡೆ ನೋಡುತ್ತಿದ್ದ. ಮೈ ತುಂಬಿಕೊಂಡಿದ್ದ, ಕೈನಡುಕ ನಿಂತಿತ್ತು. ನೆರೆಯ ಎರಡು ಮನೆಗಳಲ್ಲೂ ವಿಚಾರಿಸಿ ಮೊದಲ ಫಾರ್ಮು ತುಂಬಿದೆ. ರೊಟ್ಟಿಯ ಜೊತೆ ಪುಂಡಿಪಲ್ಯ ಬಹಳ ಚೆನ್ನಾಗಿತ್ತು, ಮೂರು ರೊಟ್ಟಿ ತಿಂದೆ.

ಮರುದಿನ ಜೋಯಿಡಾ, ರಾಮನಗರ ದಾಟಿ ಅನಮೋಡಕ್ಕೆ ಹೋಗಲು ಮೂರು ಬಸ್ಸು ಬದಲಿಸಬೇಕಾಯಿತು. ಕಾಡಿನ ದಾರಿ, ಕಿಟಕಿಯ ಗಾಜಿಲ್ಲದ ಬಸ್ಸು. ಇಳಿಯುವಾಗ ಸೀರೆಯ ಎಡಭಾಗವೆಲ್ಲ ತೊಯ್ದಿತ್ತು. ಗೋವೆಯ ಗಡಿಯ ಚೆಕ್‌ಪೋಸ್ಟಿನ ಹತ್ತಿರ ನಮ್ಮ ಎರಡನೆಯವನು ಪಾಂಡು ಚಹಾದಂಗಡಿ ಇಟ್ಟಿದ್ದ. ಕುಡಿತ ಬಿಡುವವನಿಗೆ ಇದಕ್ಕಿಂತ ಕೆಟ್ಟ ಜಾಗ ಭೂಮಿಯ ಮೇಲಿರಲಿಕ್ಕಿಲ್ಲ. ಆ ಕಡೆಯಿಂದ ಬರುವ ಪ್ರತಿ ಲಾರಿಯಲ್ಲೂ ಸೋವಿ ಬಾಟಲಿ ಬರುತ್ತದೆ. ಅವನು ನನ್ನನ್ನು ನೋಡಿ ಒಳಗೆ ಓಡಿಹೋದ. ಹೊರಗೆ ಬಂದವಳು ಹೆಂಡತಿ ರುಕ್ಮಾ, ಅವನ ಸಾಕ್ಷಿ. ಕೊಂಕಣಿಯವಳಾದರೂ ನನ್ನೊಡನೆ ಮುರುಕು ಕನ್ನಡ ಮಾತಾಡಿದಳು.

‘ಬಾಯಿ, ಖರೆ ಸಾಂಗ್ತೆ. ಮಳಿಗಾಲದಾಗ ಎರಡ ಸಲ ಕುಡದಾನ. ಗುಳಿಗಿ ಗಲ್ಲದಾಗ ಇಟ್ಕೊಂಡ ಆಮ್ಯಾಲೆ ಥೂಂಕತಿದ್ದ. ಈಗ ನಾ ನುಂಗಸತೇನಿ, ನುಂಗಿದ ಮ್ಯಾಲೆ ವಿಠ್ಠಲಾ ವಿಠ್ಠಲಾ ಅಂತ ಐವತ್ತ ಸಲ ಜೋರಾಗಿ ಅನ್ನಸತೇನಿ. ಗಲ್ಲದಾಗ ಏನೂ ಉಳೀಂಗಿಲ್ಲ.’

ಒಳಗಿಂದ ಪಾಂಡು ‘ಎರಡs ಸಲ ಬಾಯಿ, ಎರಡs!’ ಎಂದು ಕೂಗಿದ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಎರಡು ಸಲವನ್ನು ಬರೆಯದೆ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಬಿಟ್ಟುಬಿಡುವ ಆಸೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಆದರೆ ಗಂಡನ ಮರ್ಯಾದೆ ನೋಡದೆ ರುಕ್ಮಾ ನಿಜ ಹೇಳಿದ್ದಳು. ನಾನು ಸುಳ್ಳು ಬರೆದರೆ ಅವಳ ಮುಂದೆ ಚಿಕ್ಕವಳಾಗುತ್ತಿದ್ದೆ. ‘ಎರಡು ಸಲ ಜಾರಿದ, ಸಾಕ್ಷಿ ಹಿಡಿದಳು, ಮತ್ತೆ ಶುರು’ ಎಂದು ಬರೆದು, ಅವಳು ಕೊಟ್ಟ ಶುಂಠಿ ಚಹಾ ಕುಡಿದು ಹೊರಟೆ.

ಮೂರನೆಯ ದಿನವೆಲ್ಲ ಬಸ್ಸಿನಲ್ಲೇ ಹೋಯಿತು. ಮಧ್ಯಾಹ್ನ ಹಳಿಯಾಳದ ಖಾನಾವಳಿಯಲ್ಲಿ ಊಟ ಮಾಡಿ, ಯಲ್ಲಾಪುರದಲ್ಲಿ ಬಸ್ಸು ಬದಲಿಸಿ, ಸಂಜೆ ಮುಂಡಗೋಡ ಸೇರಿದೆ. ಅಲ್ಲಿ ನರ್ಸ್ ಆಗಿದ್ದ ನನ್ನ ಗೆಳತಿಯ ಮನೆಯಲ್ಲಿ ಉಳಿದುಕೊಂಡೆ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ಭತ್ತ ಹಾಲುಗಟ್ಟುತ್ತಿತ್ತು, ಆದರೆ ನನ್ನ ತಲೆಯಲ್ಲಿ ಸುಬ್ರಾಯನೊಬ್ಬನೇ. ವಾರ್ಡಿಗೆ ಬಂದಾಗ ಅವನ ಹೆಂಡತಿ ಸಾವಿತ್ರಿ ‘ನನ್ನ ಮಾತ ಎಲ್ಲಿ ಕೇಳ್ತಾನ್ರಿ, ಅವ್ವಗೊಬ್ಬಾಕಿಗೆ ಅಂಜತಾನ’ ಎಂದಿದ್ದಳು. ಅದಕ್ಕೇ ತಾಯಿಯನ್ನು ಸಾಕ್ಷಿ ಮಾಡಿದ್ದೆವು. ಈಗ ಆ ತಾಯಿಯೇ ಇಲ್ಲ.

ಬೆಳಿಗ್ಗೆ ಮೊದಲು ದವಾಖಾನೆಗೆ ಹೋದೆ. ನಮ್ಮ ಗುಳಿಗೆಗಳನ್ನು ಅಲ್ಲಿಂದಲೇ ಹಂಚುವ ಏರ್ಪಾಡು ಮಾಡಿದ್ದೆವು. ಕಾಂಪೌಂಡರು ವಹಿ ತೆಗೆದು ನೋಡಿ, ‘ತಿಂಗಳಾ ತಿಂಗಳಾ ಸಂತಿಗೆ ಬಂದಾಗ ಒಯ್ತಾನ್ರಿ. ಒಯ್ಯೂದು ಬ್ಯಾರೆ, ನುಂಗೂದು ಬ್ಯಾರೆ’ ಎಂದರು. ಆಮೇಲೆ ಕಿಟಕಿಯಿಂದ ಕೈ ತೋರಿಸಿದರು. ‘ಅಗೋ, ಅವ್ನ ಕಾಕಾ ರಾಮಾ ಸಿದ್ದಿ ಸಂತಿಗೆ ಬಂದಾನ. ಅವ್ನ ಜೋಡಿ ಹೋಗ್ರಿ.’

ರಾಮಾ ಸಿದ್ದಿಗೆ ಎಪ್ಪತ್ತರ ಹತ್ತಿರ. ಗುಂಗುರು ಕೂದಲು ಹತ್ತಿಯಂತೆ ಬೆಳ್ಳಗಾಗಿತ್ತು. ಬಸ್ಸು ಇಳಿದು ಎರಡು ಮೈಲು ಕಾಡುದಾರಿಯಲ್ಲಿ ನಡೆಯುವಾಗ ಅವನ ಕೈಚೀಲದಿಂದ ಬಾಟಲಿಯ ಕುತ್ತಿಗೆ ಇಣುಕುತ್ತಿದ್ದುದನ್ನು ನೋಡಿದೆ. ‘ಅದು ಯಾರಿಗೆ, ಕಾಕಾ?’ ಎಂದು ಕೇಳಿದೆ.

‘ಸುಬ್ರಾಯನ ಮನಿಗೇರಿ. ಇವತ್ತ ತೀರಿದ ಹಿರಿಯರಿಗೆ ಎಡಿ ಇಡ್ತೇವಿ. ಸೆರೆ ಇಲ್ಲದ ನಮ್ಮ ಹಿರಿಯರು ಏನೂ ಮುಟ್ಟೂದಿಲ್ಲ. ಅಂವ ಮನಿ ಹಿರೇ ಮಗಾ, ಅವನs ಹೊಯ್ಯಬೇಕು. ಹೊಯ್ದಾಂವಂದs ಮೊದಲ ಗುಟುಕು, ಅದು ನಮ್ಮ ಪದ್ಧತಿ.’

ಗುಳಿಗೆ ಬಿಟ್ಟಿದ್ದರೆ ಇವತ್ತು ಅವನು ಕುಡಿಯುತ್ತಾನೆ. ಬಿಟ್ಟಿರದಿದ್ದರೆ ಆ ಒಂದು ಗುಟುಕಿಗೆ ಹಿರಿಯರ ಮುಂದೆಯೇ ಉರುಳಿ ಬೀಳುತ್ತಾನೆ. ವಾರ್ಡಿನಲ್ಲಿ ನೂರು ಪ್ರಶ್ನೆ ಕೇಳಿದ್ದೆವು, ಹಬ್ಬದ ದಿನ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮುದುಕನನ್ನು ಹಿಂದೆ ಹಾಕಿ ಓಡುವ ಹಾಗೆ ನಡೆದೆ. ಅವನು ‘ಸಾವಕಾಶ ಬಾಯಾರ, ಬಾಟ್ಲಿ ನನ್ನ ಕಡೆ ಐತಿ, ನಾ ಬರೂ ತನಕಾ ಏನೂ ಆಗೂದಿಲ್ಲ’ ಎಂದು ನಕ್ಕ.

ಮಣ್ಣಿನ ಮನೆ. ಸಾರಿಸಿದ ಅಂಗಳದ ತುಂಬ ನೆಂಟರು. ಒಳಗೆ ಮೂಲೆಯ ಕಟ್ಟೆಯ ಮೇಲೆ ಸಾಲಾಗಿ ತೆಂಗಿನಕಾಯಿಗಳು, ಒಂದೊಂದೂ ಒಬ್ಬೊಬ್ಬ ಹಿರಿಯರು. ಕೊನೆಯದಕ್ಕೆ ಹಚ್ಚಿದ ಅರಿಸಿನ ಇನ್ನೂ ಹೊಸದಾಗಿತ್ತು. ಅದು ನಾಗಿ ಸಿದ್ದಿ. ಸುಬ್ರಾಯ ಸ್ನಾನ ಮಾಡಿ ಕಟ್ಟೆಯ ಮುಂದೆ ಕೂತಿದ್ದ. ನನ್ನನ್ನು ಕಂಡು ಕೈ ಮುಗಿದ. ಪೂಜೆ ಶುರುವಾಗಿತ್ತು. ಹೊಸಿಲಲ್ಲಿ ನಿಂತು ಅವನ ಉಸಿರಿನ ವಾಸನೆ ಹಿಡಿಯಲು ನೋಡಿದೆ. ಊದಿನಕಡ್ಡಿಯ ಹೊಗೆಯಲ್ಲಿ ಏನೂ ತಿಳಿಯಲಿಲ್ಲ.

ಕಾಕಾ ಬಾಟಲಿ ಕೊಟ್ಟ. ಸುಬ್ರಾಯ ಬಟ್ಟಲಿಗೆ ಹೊಯ್ದ. ಆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿದ. ‘ಬ್ಯಾಡ ಸುಬ್ರಾಯ’ ಎಂದು ಕೂಗುವಷ್ಟರಲ್ಲಿ ಅದನ್ನು ಕಾಯಿಗಳ ಮುಂದೆ ಇಟ್ಟ. ಹೊಸ ಕಾಯಿಯ ಹಿಂದಿನಿಂದ ಒಂದು ತಗಡಿನ ಡಬ್ಬಿ ತೆಗೆದ. ಅದರಿಂದ ನಮ್ಮ ಬಿಳಿ ಗುಳಿಗೆಯನ್ನು ತೆಗೆದು, ಎರಡು ಬೆರಳಲ್ಲಿ ಹಿಡಿದು ಕಾಯಿಗೆ ತೋರಿಸಿದ.

‘ಅವ್ವಾ, ನೋಡ.’

ನುಂಗಿದ. ನೀರು ಕುಡಿದ. ಆಮೇಲೆ ವಾರ್ಡಿನಲ್ಲಿ ನಾವು ಕಲಿಸಿದ್ದಂತೆಯೇ ಬಾಯಿ ಅಗಲಿಸಿ, ನಾಲಿಗೆ ಮೇಲೆತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ತಾಯಿಗೆ ತೋರಿಸಿದ. ಮೊದಲ ಗುಟುಕನ್ನು ರಾಮಾ ಸಿದ್ದಿ ಕುಡಿದ. ನಾನು ಹೊಸಿಲಲ್ಲೇ ಅತ್ತುಬಿಟ್ಟೆ. ಸೆರಗಿನಿಂದ ಎಷ್ಟು ಒರೆಸಿಕೊಂಡರೂ ಕಣ್ಣೀರು ನಿಲ್ಲಲಿಲ್ಲ. ಅಷ್ಟು ಸಂತೋಷ ನನ್ನ ನೌಕರಿಯಲ್ಲಿ ಮತ್ತೆ ಯಾವತ್ತೂ ಆಗಿಲ್ಲ.

ಅತ್ತದ್ದು ಮುಗಿದ ಮೇಲೆ ಪ್ರಶ್ನೆ ಶುರು ಮಾಡಿದೆ. ನಂಬುವುದು ಬೇರೆ, ಸಂಶೋಧನೆ ಬೇರೆ. ತಾಯಿ ತೀರಿದ ದಿನದಿಂದ ಕಾಯಿ ಇಡುವ ತನಕ ಯಾರ ಮುಂದೆ ನುಂಗಿದೆ? ‘ಕಾಕಾನ ಮುಂದ’ ಎಂದ. ಆಮೇಲೆ ಒಂದು ದಿನವಾದರೂ ತಪ್ಪಿತೇ? ‘ಅವ್ವ ಇಲ್ಲೇ ಕುಂತಾಳ್ರಿ ಬಾಯಾರ. ಮೊದಲಾದ್ರ ಒಮ್ಮೊಮ್ಮೆ ಗದ್ದಿಗೆ ಹೋಗ್ತಿದ್ಲು, ಈಗ ಎಲ್ಲೂ ಹೋಗೂದಿಲ್ಲ. ಹೆಂಗ ತಪ್ಪಸ್ಲಿ?’ ಮೊದಲ ಗುಟುಕಿನ ಪದ್ಧತಿ ಮುರಿದದ್ದಕ್ಕೆ ಹಿರಿಯರು ಸಿಟ್ಟಾಗಲಿಲ್ಲವೇ ಎಂದರೆ ರಾಮಾ ಸಿದ್ದಿ ಉತ್ತರ ಕೊಟ್ಟ. ‘ಇವ್ನ ಗುಟುಕು ನಾ ಕುಡೀತೇನಿ, ಬ್ಯಾಡಾಗಿದ್ರ ಈಗs ಹೇಳ್ರಿ ಅಂತ ಎಲ್ಲಾ ಕಾಯಿ ಮುಂದ ನಿಂತ ಕೇಳೇನಿ. ಯಾರೂ ತುಟಿ ಬಿಚ್ಚಲಿಲ್ಲ.’ ಅಂಗಳವೆಲ್ಲ ನಕ್ಕಿತು.

ಮನೆಮನೆಗೂ ಹೋಗಿ ಒಬ್ಬೊಬ್ಬರನ್ನೇ ಪ್ರತ್ಯೇಕ ಕೂರಿಸಿ ಕೇಳಿದೆ. ಬೆಳಿಗ್ಗೆ ಬೆಂಕಿಗೆ, ಮಜ್ಜಿಗೆಗೆ, ಕೆಲಸಕ್ಕೆ ಕರೆಯಲಿಕ್ಕೆ ಎಂದು ಬಂದವರೆಲ್ಲ ಅವನು ಕಾಯಿಗೆ ನಾಲಿಗೆ ತೋರಿಸುವುದನ್ನು ನೋಡಿದ್ದರು. ಕೊನೆಗೆ ಸಾವಿತ್ರಿಯನ್ನು ಕೇಳಿದೆ. ‘ಸುಳ್ಳ ಯಾಕ ಹೇಳ್ಲಿರೀ? ಕುಡದಿದ್ರ ನಾನs ಹುಬ್ಬಳ್ಳಿಗೆ ಬಂದ ನಿಮ್ಮ ಬಾಗಲದಾಗ ಬೊಬ್ಬಿ ಹೊಡೀತಿದ್ದೆ’ ಎಂದಳು. ಹಬ್ಬದೂಟ ಮಾಡಿಸದೆ ಯಾರೂ ಬಿಡಲಿಲ್ಲ. ಮಧ್ಯಾಹ್ನ ಹೊರಟಾಗ ಹೆಂಗಸರು ದಮಾಮಿ ಬಡಿಯುತ್ತ ಹಾಡುತ್ತಿದ್ದರು, ಆ ಸದ್ದು ಕಾಡುದಾರಿಯ ಅರ್ಧದವರೆಗೂ ಕೇಳಿತು. ನನ್ನ ಕಾಲು ತಾನಾಗಿ ತಾಳ ಹಾಕುತ್ತಿತ್ತು.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಮೂರು ಫಾರ್ಮನ್ನೂ ಸಾಹೇಬರ ಮೇಜಿನ ಮೇಲಿಟ್ಟೆ. ಶಂಕ್ರಪ್ಪನದಕ್ಕೆ ತಲೆದೂಗಿದರು. ಪಾಂಡುವಿನ ವಿಠ್ಠಲನಾಮಕ್ಕೆ ಜೋರಾಗಿ ನಕ್ಕರು. ಮೂರನೆಯದನ್ನು ಎರಡು ಸಲ ಓದಿದರು.

‘ಸಾಕ್ಷಿ ನಾಗಿ ಸಿದ್ದಿ, ತಾಯಿ, ತೀರಿಕೊಂಡಿದ್ದಾರೆ ಅಂತ ಬರದೀರಿ. ಸತ್ತವರ ಸಾಕ್ಷಿ ಕಮಿಟಿಯವರು ಒಪ್ಪತಾರೇನ್ರಿ ಬಾಯಾರ?’

‘ಹಾಳಿ ಹೊಳ್ಳಿಸಿ ನೋಡ್ರಿ, ಸಾಹೇಬ್ರ.’

ಹಿಂಬದಿಯಲ್ಲಿ ಹದಿನಾಲ್ಕು ಹೆಬ್ಬೆಟ್ಟಿನ ಗುರುತುಗಳಿದ್ದವು. ಪ್ರತಿಯೊಂದರ ಕೆಳಗೆ ಹೆಸರು, ಸಂಬಂಧ, ಏನು ನೋಡಿದರು ಎಂಬ ಒಂದು ಸಾಲು. ಎಲ್ಲರೂ ಬದುಕಿರುವವರು. ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಒಂದೊಂದನ್ನೂ ಓದಿದರು. ಆಮೇಲೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ‘ಕುಡಿದಿಲ್ಲ’ ಎಂಬ ಕಡೆ ತಾವೇ ಗುರುತು ಹಾಕಿದರು. ನನ್ನ ಗುಂಪಿನಲ್ಲಿ ಸಿಗದವನು ಎಂಬವನು ಒಬ್ಬನೂ ಉಳಿಯಲಿಲ್ಲ.

‘ಬಾಯಾರ’ ಎಂದರು, ಬಾಗಿಲ ಕಡೆ ನೋಡುತ್ತ. ‘ಹೊರಗ ಹೊಸಬಾಂವ ಒಬ್ಬಾಂವ ಗುಳಿಗಿ ಬೇಕಂತ ಬಂದ ಕುಂತಾನ. ಒಬ್ಬನs ಬಂದಾನ. ಮನಿಯವರನ್ನ ಕರ್ಕೊಂಡ ಬಾ ಅಂತ ಹೇಳ್ರಿ, ಇಲ್ಲಂದ್ರ ನಾ ಚೀಟಿ ಬರಿಯೂದಿಲ್ಲ.’