ಅರ್ಧ ಸಿನಿಮಾ ಹೊತ್ತು ಓಡುವ ಮುರುಗೇಶಪ್ಪನ ತ್ರೀ ಫಿಫ್ಟಿ

ಶುಕ್ರವಾರ, ಬೆಳಗಿನ ಐದೂವರೆ. ಬೆಂಗಳೂರಿನ ರಾತ್ರಿ ಬಸ್ಸು ಶಿವಮೊಗ್ಗದ ಬಸ್‌ಸ್ಟ್ಯಾಂಡಿಗೆ ಆಗಷ್ಟೇ ಬಂದು ನಿಂತಿದೆ. ಪ್ರಯಾಣಿಕರು ಕಣ್ಣುಜ್ಜಿಕೊಂಡು ಇಳಿಯುವ ಮೊದಲೇ ಒಬ್ಬರು ಹಿಂದಿನ ಏಣಿ ಹತ್ತಿ ಬಸ್ಸಿನ ನೆತ್ತಿ ಸೇರಿದ್ದಾರೆ. ಬಿಳಿ ಅಂಗಿ, ಹಣೆ ತುಂಬ ವಿಭೂತಿ, ವಯಸ್ಸು ಐವತ್ತೆರಡು. ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಬಟ್ಟೆ ಸುತ್ತಿದ ಎರಡು ಸ್ಪಾರ್ಕ್ ಪ್ಲಗ್ಗುಗಳಿವೆ. ತಗಡಿನ ಎರಡು ಪೆಟ್ಟಿಗೆಗಳನ್ನು ಹಗ್ಗ ಕಟ್ಟಿ ಕೆಳಗಿಳಿಸುತ್ತಾರೆ. ಇವತ್ತು ಬಿಡುಗಡೆಯಾಗುವ ಹೊಸ ಸಿನಿಮಾ ಆ ಪೆಟ್ಟಿಗೆಗಳಲ್ಲಿದೆ.

“ಇದು ಮೊದಲರ್ಧ, ಅದು ಎರಡನೇದು. ಅದಲುಬದಲಾದ್ರೆ ಹೀರೋ ಸತ್ತಮೇಲೆ ಕಾಲೇಜು ಸೇರ್ತಾನೆ” ಎಂದು ನಗದೆ ಹೇಳುತ್ತಾರೆ ಮುರುಗೇಶಪ್ಪ.

ಪೆಟ್ಟಿಗೆ ಹೊರಲು ಕಾದು ನಿಂತಿರುವುದು ಲಗೇಜ್ ಆಟೋ ಅಲ್ಲ. ಮುನ್ನೂರೈವತ್ತು ಸಿಸಿಯ, ಎರಡು ಸಿಲಿಂಡರಿನ, ಎರಡು ಸೈಲೆನ್ಸರಿನ ಬೈಕು. ಎಂಬತ್ತರ ದಶಕದಲ್ಲಿ ದುಡ್ಡಿದ್ದವರ ಮನೆಯ ಹುಡುಗರು ಕಾಲೇಜಿನ ಮುಂದೆ ಸುತ್ತು ಹೊಡೆಯಲು ಕೊಂಡ, ಮದುವೆಯಾದ ಮೇಲೆ ಮೂಲೆಗೆ ತಳ್ಳಿದ ಗಾಡಿ. ಊರಿನವರ ಬಾಯಲ್ಲಿ ಇದು ತ್ರೀ ಫಿಫ್ಟಿ. ವಿಭೂತಿ ಹಚ್ಚಿದ ಯಜಮಾನರೊಬ್ಬರು ಇದರ ಮೇಲೆ ಕೂತು ಹೊಗೆ ಎಬ್ಬಿಸುತ್ತ ಹೋಗುವುದನ್ನು ನೋಡಿ ನಕ್ಕವರು ಬಹಳ. ನಾನೂ ನಕ್ಕಿದ್ದೇನೆ, ಸುಳ್ಳು ಹೇಳುವುದಿಲ್ಲ. ಪತ್ರಿಕೆಗೆ ಬರೆಯಲೆಂದು ಅವರ ಹಿಂದೆ ಒಂದು ದಿನ ಕೂತು ಬಂದ ಮೇಲೆ ನಗು ನಿಂತಿತು.

ಶಿವಯೋಗಪ್ಪ ಎಂಬ ಸಾಹುಕಾರರು ಶಿವಮೊಗ್ಗದಲ್ಲೊಂದು, ಭದ್ರಾವತಿಯ ಓಲ್ಡ್ ಟೌನಿನಲ್ಲೊಂದು ಥಿಯೇಟರ್ ನಡೆಸುತ್ತಾರೆ. ಥಿಯೇಟರ್ ಎರಡಾದರೂ ಸಿನಿಮಾದ ಪ್ರಿಂಟು ಒಂದೇ. ಎರಡು ಪ್ರಿಂಟಿಗೆ ಬಾಡಿಗೆ ಕಟ್ಟಿದರೆ ಗಿಟ್ಟುವುದಿಲ್ಲ. ಹಾಗಾಗಿ ಶಿವಮೊಗ್ಗದಲ್ಲಿ ಇಂಟರ್‌ವಲ್ ಬಿಟ್ಟ ಕೂಡಲೇ ಮೊದಲರ್ಧದ ಪೆಟ್ಟಿಗೆ ಭದ್ರಾವತಿಗೆ ಹೊರಡಬೇಕು. ಅಲ್ಲಿ ಅದು ಓಡುತ್ತಿರುವಾಗ ಇವರು ವಾಪಸ್ಸು ಬಂದು, ಇಲ್ಲಿ ಮುಗಿದ ಎರಡನೇ ಅರ್ಧವನ್ನು ಒಯ್ದು ಮುಟ್ಟಿಸಬೇಕು. ಮುಂದಿನ ಆಟಕ್ಕೆ ಎರಡೂ ಶಿವಮೊಗ್ಗಕ್ಕೆ ಮರಳಬೇಕು. ಹದಿನೆಂಟು ಕಿಲೋಮೀಟರಿನ ಈ ರಸ್ತೆಯನ್ನು ಮುರುಗೇಶಪ್ಪ ದಿನಕ್ಕೆ ಹನ್ನೆರಡು ಸಲ ಓಡುತ್ತಾರೆ. ಪೆಟ್ಟಿಗೆ ಒಂದೊಂದೂ ಇಪ್ಪತ್ತು ಕಿಲೋ ಮೇಲಿದೆ.

ಭದ್ರಾವತಿಯ ಪ್ರೇಕ್ಷಕರಿಗೆ ಗಾಡಿಯ ಸದ್ದೇ ಗಂಟೆ. ಹೊರಗೆ ಎರಡು ಸೈಲೆನ್ಸರ್ ಚಟಪಟಿಸಿದರೆ ಒಳಗೆ ಶಿಳ್ಳೆ ಬೀಳುತ್ತದೆ, ಬೀಡಿ ಎಸೆದು ಎಲ್ಲರೂ ಸೀಟಿಗೆ ಓಡುತ್ತಾರೆ. ಥಿಯೇಟರಿನ ಕ್ಯಾಂಟೀನ್ ನಡೆಸುವ ಓಬಯ್ಯನಿಗೆ ಮಾತ್ರ ಈ ಗಾಡಿ ಕಂಡರಾಗದು. “ಹಿಂದೆ ಡಬ್ಬ ಬಸ್ಸಲ್ಲಿ ಬರ್ತಿತ್ತು ಮಾರಾಯ್ರೆ, ಇಂಟರ್‌ವಲ್ ಅಂದ್ರೆ ಮುಕ್ಕಾಲು ಗಂಟೆ. ಎರಡು ಬುಟ್ಟಿ ಬೋಂಡ ಖರ್ಚಾಗ್ತಿತ್ತು. ಈ ಮುರುಗೇಶಪ್ಪ ಬಂದ್ರು, ನನ್ನ ಹೊಟ್ಟೆ ಮೇಲೆ ಹೊಡೆದ್ರು” ಎನ್ನುತ್ತಾನೆ. ಎಂದವನೇ ಅವರಿಗೆ ಟೀ ತಂದು ಕೊಡುತ್ತಾನೆ, ಕಾಸು ತೆಗೆದುಕೊಳ್ಳುವುದಿಲ್ಲ.

ಗಾಡಿ ಕೊಂಡದ್ದು ಆರು ವರ್ಷದ ಹಿಂದೆ, ತೊಂಬತ್ಮೂರರಲ್ಲಿ. ಆಗ ಮುರುಗೇಶಪ್ಪ ಇದೇ ಸಾಹುಕಾರರ ಶಿವಮೊಗ್ಗದ ಥಿಯೇಟರಿನಲ್ಲಿ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದರು. ಪೆಟ್ಟಿಗೆ ಸಾಗಿಸುವ ಕೆಲಸ ತನಗೆ ಕೊಟ್ಟರೆ ಬಸ್ಸಿಗಿಂತ ಬೇಗ ಮುಟ್ಟಿಸುತ್ತೇನೆ ಎಂದು ಕೇಳಿ ಒಪ್ಪಿಸಿದ್ದರು. ಒಪ್ಪಿಸಿಯಾದ ಮೇಲೆ ಗಾಡಿ ಹುಡುಕಲು ಹೊರಟರು. ಓಲ್ಡ್ ಟೌನಿನ ಒಂದು ಅಕ್ಕಿ ಗಿರಣಿಯ ಹಿತ್ತಲಲ್ಲಿ, ತಾಡಪಾಲಿನ ಅಡಿಯಲ್ಲಿ ಇದು ಸಿಕ್ಕಿತು. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು.

ಗಾಡಿ ನೋಡಲು ಮೆಕ್ಯಾನಿಕ್ ತೌಹೀದ್ ಜೊತೆಗೆ ಹೋಗಿದ್ದರು. ತೌಹೀದ್ ಮೊದಲು ಎಂಜಿನ್ನಿನ ಮೇಲೆ ಅಂಗೈ ಇಟ್ಟರು. ಹಳೇ ಗಾಡಿ ಮಾರುವವರು ಗಿರಾಕಿ ಬರುವ ಮುಂಚೆ ಎಂಜಿನ್ ಬಿಸಿ ಮಾಡಿಟ್ಟಿರುತ್ತಾರೆ, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗಿ ರೋಗವೆಲ್ಲ ಮುಚ್ಚಿಹೋಗುತ್ತದೆ. ಎರಡು ವರ್ಷದಿಂದ ಕೋಳಿ ಬಿಟ್ಟು ಬೇರೆ ಯಾರೂ ಹತ್ತದ ಗಾಡಿಗೆ ಆ ಪರೀಕ್ಷೆ ಬೇಕಿರಲಿಲ್ಲ. ಅಭ್ಯಾಸಬಲ, ಇಟ್ಟರು. ಬೇರೆ ಪೆಟ್ರೋಲ್ ತುಂಬಿಸಿ, ಇಬ್ಬರೂ ಸರದಿಯ ಮೇಲೆ ಒದ್ದು, ಹೇಗೋ ಹೊಗೆ ಬರಿಸಿ ಆರಿಸಿದ ಮೇಲೆ ಎರಡೂ ಪ್ಲಗ್ ಬಿಚ್ಚಿ ನೋಡಿದರು. ಒಂದು ಒಣಗಿ ಕಂದು ಬಣ್ಣಕ್ಕಿತ್ತು, ಇನ್ನೊಂದು ಎಣ್ಣೆಯಲ್ಲಿ ನೆಂದು ಕಪ್ಪಗಿತ್ತು.

“ಅಣ್ಣ, ಒಂದೇ ಸಿಲಿಂಡರಲ್ಲಿ ಉಸಿರಾಡ್ತಾ ಇದೆ, ಬೇಡ ಅಂದೆ” ಎಂದು ತೌಹೀದ್ ನೆನೆಯುತ್ತಾರೆ. “ಪಿಸ್ಟನ್ ಹೋಗಿದೆ, ಸಾಮಾನು ಬೆಂಗಳೂರಿಂದ ತರಿಸ್ಬೇಕು, ಪೆಟ್ರೋಲ್ ಕುಡಿಯುತ್ತೆ, ಬ್ರೇಕು ಹೆಸರಿಗೆ ಮಾತ್ರ ಅಂದೆ. ಇವ್ರು ಮೊಟ್ಟೆ ಸಮೇತ ಕೋಳೀನ ಎತ್ತಿ ಪಕ್ಕಕ್ಕೆ ಇಟ್ರು. ಆವಾಗ್ಲೇ ನಂಗೆ ಗೊತ್ತಾಯ್ತು, ನನ್ನ ಮಾತು ಕೇಳೋ ಗಿರಾಕಿ ಅಲ್ಲ ಇದು.”

ಗಾಡಿಗೂ ಅದರ ರಿಪೇರಿಗೂ ಸೇರಿ ಹಣ ಎಲ್ಲಿಂದ ಬಂತು? ಆಲ್ಕೊಳದಲ್ಲಿದ್ದ ಇಪ್ಪತ್ತು–ಮೂವತ್ತರ ಸೈಟು ಮಾರಿದರು. ಆಗ ಅಲ್ಲಿ ದನ ಮೇಯುತ್ತಿದ್ದವು. ಈಗ ಆ ಸೈಟಿನಲ್ಲಿ ಯಾರದ್ದೋ ಎರಡು ಅಂತಸ್ತಿನ ಮನೆ ಎದ್ದಿದೆ. ನೆಂಟರು ಆ ದಾರಿಯಲ್ಲಿ ಹೋದಾಗಲೆಲ್ಲ ಬೇಕೆಂದೇ ಮುರುಗೇಶಪ್ಪನವರ ಮನೆಗೆ ಬಂದು ಆ ಮನೆಯ ಬಣ್ಣ ವರ್ಣಿಸಿ ಹೋಗುತ್ತಾರೆ. ಇವರು ಇನ್ನೂ ಬಾಡಿಗೆ ಮನೆಯಲ್ಲೇ ಇದ್ದಾರೆ.

ಈ ವಿಷಯದಲ್ಲಿ ಹೆಂಡತಿ ಸುವರ್ಣಮ್ಮನವರ ಸಿಟ್ಟು ಆರು ವರ್ಷವಾದರೂ ಆರಿಲ್ಲ. “ಗೃಹಪ್ರವೇಶ ಮಾಡ್ಬೇಕಾದ ಸೈಟಲ್ಲಿ ಇವ್ರು ಪಿಸ್ಟನ್ ಹಾಕ್ಸಿದ್ರು ನೋಡಿ” ಎಂದು ನನಗೆ ಕಾಫಿ ಕೊಡುತ್ತಲೇ ಶುರು ಮಾಡುತ್ತಾರೆ. “ಬಟ್ಟೆ ಎಷ್ಟು ಒಗೆದ್ರೂ ಆಯಿಲ್ ವಾಸನೆ. ಈಗ ಗಾಡಿ ಹಿಂದೆ ಕೂತಾಗೆಲ್ಲ ನಮ್ಮನೆ ಜಗಲಿ ಮೇಲೆ ಕೂತಿದೀನಿ ಅಂತ ಅಂದ್ಕೋತೀನಿ. ಇನ್ನೇನ್ ಮಾಡ್ಲಿ?” ಹಾಗಾದರೆ ಮಾರಿಸಿಬಿಡಿ ಎಂದು ನಾನು ಬಾಯಿ ಜಾರಿ ಹೇಳಿದೆ. ಆಕೆ ನನ್ನನ್ನು ದುರುಗುಟ್ಟಿ ನೋಡಿದರು. “ನಾನು ಬೈತೀನಿ, ಅದು ನನ್ ಹಕ್ಕು. ನೀವ್ಯಾರು ಮಾರ್ಸೋಕೆ?”

ಮೈಲೇಜ್ ಎಷ್ಟು ಕೊಡುತ್ತೆ ಎಂದು ಕೇಳುವವರಿಗೆ ನಮ್ಮೂರಲ್ಲಿ ಬರವಿಲ್ಲ. ಲೀಟರಿಗೆ ಇಪ್ಪತ್ತು ಎಂದರೆ ಅವರ ಮುಖ ಸಾವಿನ ಸುದ್ದಿ ಕೇಳಿದಂತಾಗುತ್ತದೆ. ಬ್ರೇಕಂತೂ ನಂಬುವ ಹಾಗಿಲ್ಲ. ನಡುದಾರಿಯ ಮಾಚೇನಹಳ್ಳಿಯಲ್ಲಿ ನಿಲ್ಲಬೇಕಾದರೆ ಬಹಳ ಹಿಂದಿನಿಂದಲೇ ಗೇರ್ ಇಳಿಸುತ್ತ ಬರಬೇಕು. ಎರಡು ಸಲ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರವೇ ಸಿಕ್ಕಿಹಾಕಿಕೊಂಡಿದೆ. ಆ ಕ್ಷಣಕ್ಕೆ ಕ್ಲಚ್ ಹಿಡಿಯದಿದ್ದರೆ ಹಲ್ಲು ರಸ್ತೆಯಲ್ಲಿ ಹೆಕ್ಕಬೇಕಿತ್ತು. ಅಂದಿನಿಂದ ಎರಡು ಬೆರಳು ಸದಾ ಕ್ಲಚ್ಚಿನ ಮೇಲೆ. ಊಟಕ್ಕೆ ಕೂತಾಗಲೂ ಎಡಗೈಯ ಆ ಎರಡು ಬೆರಳು ಮಡಚಿಕೊಂಡೇ ಇರುತ್ತವೆ, ನಾನೇ ನೋಡಿದ್ದೇನೆ.

ಈಗ ಹದಿನೈದು ದಿನದಿಂದ ಕೆಲಸಕ್ಕೇ ಕುತ್ತು ಬಂದಿದೆ. ಪೆಟ್ರೋಲ್ ಖರ್ಚು ಕೊಡುವುದು ಸಾಹುಕಾರರು. ಅವರು ಒಂದು ಹೊಸ ನೂರು ಸಿಸಿ ಬೈಕು ತಂದು, ಪೂಜೆ ಮಾಡಿಸಿ, ಬೀಗದ ಕೈಯನ್ನು ಮುರುಗೇಶಪ್ಪನವರ ಮುಂದೆ ಹಿಡಿದರು. ನಿಮ್ಮ ಹಳೇದನ್ನು ಮಾರಿಬಿಡಿ, ಇನ್ನು ಮೇಲೆ ಥಿಯೇಟರಿನ ಗಾಡಿ ಓಡಿಸಿ ಎಂದರು. ಬೇರೆಯವರಾಗಿದ್ದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಇವರು ಕೈ ಚಾಚಲಿಲ್ಲ.

ಯಾಕೆ ಎಂದು ಕೇಳಿದೆ. “ಗಾಡಿ ಅವರದಾದ್ರೆ ನಾನು ಅವರ ಆಳು. ಇಳಿ ಅಂದ್ರೆ ಇಳೀಬೇಕು. ಗಾಡಿ ನಂದಾದ್ರೆ ನಾನು ಕೆಲಸ ಒಪ್ಪಿಕೊಂಡ ಮನುಷ್ಯ. ಇಪ್ಪತ್ತು ವರ್ಷ ಬಾಗಿಲಲ್ಲಿ ನಿಂತು ಟಿಕೆಟ್ ಹರಿದಿದೀನಿ ಸಾರ್. ಎರಡಕ್ಕೂ ಇರೋ ವ್ಯತ್ಯಾಸ ನಂಗೆ ಗೊತ್ತು” ಎಂದರು.

ಸಾಹುಕಾರರು ಷರತ್ತು ಹಾಕಿದ್ದಾರೆ. ಒಂದೇ ಒಂದು ದಿನ ಆಟ ತಡವಾದರೂ ಸಾಕು, ಒಂದೋ ಹೊಸ ಗಾಡಿ ಹತ್ತಬೇಕು, ಇಲ್ಲವೇ ಮತ್ತೆ ಬಾಗಿಲಿಗೆ ಹೋಗಿ ಟಿಕೆಟ್ ಹರಿಯಬೇಕು.

ನಾನು ಹಿಂದೆ ಕೂತ ಶುಕ್ರವಾರವೇ ಗ್ರಹಚಾರ ಕಾದಿದೆ. ಹೊಸ ಸಿನಿಮಾ ಉದ್ದ, ಶಿವಮೊಗ್ಗದಲ್ಲಿ ಇಂಟರ್‌ವಲ್ ಬಿಡುವಾಗಲೇ ಹನ್ನೆರಡು ಗಂಟೆ ಐದು ನಿಮಿಷ. ಭದ್ರಾವತಿಯ ಆಟ ಹನ್ನೆರಡೂವರೆಗೆ. ಬಿಸಿ ಬಿಸಿ ರೀಲುಗಳನ್ನು ಪೆಟ್ಟಿಗೆಗೆ ತುಂಬಿ, ಕ್ಯಾರಿಯರಿಗೆ ಬಿಗಿದು, ಹನ್ನೆರಡು ಗಂಟೆ ಎಂಟು ನಿಮಿಷಕ್ಕೆ ಹೊರಡುತ್ತೇವೆ. ಊರು ದಾಟಿದ ಮೇಲೆ ಗಾಡಿ ಹೇಗೆ ಓಡಿತೆಂದು ನಾನು ಬರೆಯಲಾರೆ, ಕಣ್ಣು ಮುಚ್ಚಿದ್ದೆ. ಕಡದಕಟ್ಟೆಯ ರೈಲ್ವೆ ಗೇಟು ಮುಟ್ಟಿದಾಗ ನನ್ನ ವಾಚಿನಲ್ಲಿ ಹನ್ನೆರಡು ಇಪ್ಪತ್ನಾಲ್ಕು. ಗೇಟು ಹಾಕಿದೆ.

ಒಂದು ಗೂಡ್ಸು, ಅದರ ಹಿಂದೆ ಪ್ಯಾಸೆಂಜರು. ಎರಡೂ ಹೋದ ಮೇಲೇ ತೆಗೆಯುವುದು ಎನ್ನುತ್ತಾರೆ ಗೇಟಿನವರು. ಲಾರಿಗಳ ಸಾಲಿನಲ್ಲಿ ಒಂದು ಬಿಳಿ ಕಾರೂ ನಿಂತಿದೆ. ಅದರೊಳಗೆ ಸಾಹುಕಾರರೇ ಕೂತಿದ್ದಾರೆ, ಮೊದಲ ದಿನದ ಜನ ಎಷ್ಟೆಂದು ನೋಡಲು ಹೊರಟವರು.

ಮುರುಗೇಶಪ್ಪ ಕಾರಿನ ಕಡೆ ತಿರುಗಿಯೂ ನೋಡುವುದಿಲ್ಲ. “ಗಾಡಿ ಹಿಡ್ಕೊಳ್ಳಿ” ಎಂದವರೇ ಹಗ್ಗ ಬಿಚ್ಚಿ, ಪೆಟ್ಟಿಗೆ ಹೆಗಲಿಗೇರಿಸಿ, ಆಚೆ ಈಚೆ ನೋಡಿ, ಪಕ್ಕದ ಸಂದಿಯಲ್ಲಿ ನುಗ್ಗಿ ಹಳಿ ದಾಟುತ್ತಾರೆ. ಗೇಟಿನವರು ಬೈಯುತ್ತಾರೆ. ಬೈಗುಳ ನ್ಯಾಯವಾದದ್ದೇ, ಇದು ಮಾಡಬಾರದ ಕೆಲಸ. ಆಚೆ ಬದಿಯಲ್ಲಿ ಗೇಟಿನಿಂದ ಬೇಸತ್ತು ವಾಪಸ್ಸು ತಿರುಗುತ್ತಿದ್ದ ಮೊಪೆಡ್ಡಿನವನೊಬ್ಬನ ಹಿಂದೆ, ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಅವರು ಕೂತದ್ದು ಕಾಣಿಸಿತು. ಅಷ್ಟರಲ್ಲಿ ಗೂಡ್ಸು ಅಡ್ಡ ಬಂತು.

ಗೇಟು ತೆಗೆಯುವಾಗ ಹನ್ನೆರಡು ನಲವತ್ತೈದು. ಅದೇ ಮೊಪೆಡ್ಡಿನಲ್ಲಿ ಮುರುಗೇಶಪ್ಪ ಬಂದಿಳಿಯುತ್ತಾರೆ. ಅಂಗಿಯ ಹೆಗಲು ಹರಿದಿದೆ. “ಆಟ ಟೈಮಿಗೆ ಬಿಟ್ರು. ಜಾಹೀರಾತಿನ ಸ್ಲೈಡ್ ಮುಗಿಯೋಷ್ಟರಲ್ಲಿ ರೀಲು ಏರಿಸಿದ್ರು” ಎಂದು ನನಗೆ ಹೇಳುತ್ತಾರೆ. ಕಾರಿನಿಂದ ಇಳಿದು ನನ್ನ ಪಕ್ಕದಲ್ಲೇ ನಿಂತಿದ್ದ ಸಾಹುಕಾರರಿಗೂ ಅದು ಕೇಳಿಸುತ್ತದೆ.

“ಅಂತೂ ಕೊನೆಗೆ ನಿಮ್ಮನ್ನ ಮುಟ್ಟಿಸಿದ್ದು ಮೊಪೆಡ್ಡೇ ಅಲ್ವೇನ್ರೀ ಮುರುಗೇಶಪ್ಪ? ಎಷ್ಟು ಮೈಲೇಜು ಗೊತ್ತಾ ಅದ್ರದ್ದು?” ಎನ್ನುತ್ತಾರೆ ಸಾಹುಕಾರರು.

“ಮೊಪೆಡ್ಡು ಬಂದಿದ್ದು ಎರಡು ಕಿಲೋಮೀಟ್ರು ಸಾವ್ಕಾರ್ರೆ. ಮಿಕ್ಕ ಹದಿನಾರು ಇದು ಬಂದಿದೆ. ನಿಮ್ಮ ನೂರು ಸಿಸಿ ತಂದಿದ್ರೆ ಆಟಕ್ಕೆ ಆರು ನಿಮಿಷ ಮುಂಚೆ ಗೇಟಿಗೆ ಬರೋಕಾಗ್ತಿತ್ತಾ? ನಾನಿನ್ನೂ ಮಾಚೇನಹಳ್ಳಿ ಹತ್ರ ಇರ್ತಿದ್ದೆ, ಜನ ನಿಮ್ಮ ಕುರ್ಚಿ ಮುರೀತಿದ್ರು.”

ಸಾಹುಕಾರರು ಗಾಡಿಗೆ ಒಂದು ಸುತ್ತು ಬರುತ್ತಾರೆ. ಹಿಂದಿನ ಲಾರಿಗಳು ಹಾರ್ನ್ ಹೊಡೆಯುತ್ತಿವೆ. “ಹಂಗಾದ್ರೆ ಆ ಹೊಸ ಗಾಡೀನ ನಾನೇನ್ ಮಾಡ್ಲಿ?”

“ಮನೆಗೆ ಹಾಲು ತರೋಕೆ ಇಟ್ಕೊಳ್ಳಿ. ಮೈಲೇಜ್ ಚೆನ್ನಾಗಿದೆ.”

ಬೈಗುಳ ಬೀಳುತ್ತದೆ ಎಂದುಕೊಂಡೆ. ಸಾಹುಕಾರರು ಬಾಯಿಬಿಟ್ಟು ನಕ್ಕೇಬಿಟ್ಟರು. “ಆಯ್ತು ಹೋಗ್ರೀ, ಎರಡನೇ ಅರ್ಧ ತಡ ಮಾಡ್ಬೇಡಿ. ನಿಮ್ಮ ಗಾಡೀಲೇ ತನ್ನಿ” ಎಂದು ಕಾರು ಹತ್ತಿದರು. ಷರತ್ತಿನ ಮಾತು ಮತ್ತೆ ಬರಲಿಲ್ಲ.

ಹೊರಡುವ ಮುನ್ನ ಒಂದು ಫೋಟೊ ತೆಗೆಯಲು ನಾನು ಕ್ಯಾಮೆರಾ ಹಿಡಿಯುತ್ತೇನೆ. ಪತ್ರಿಕೆಯಲ್ಲಿ ಬರುತ್ತದೆ, ಅಂಗಿ ಬದಲಿಸುತ್ತೀರಾ ಎಂದು ಕೇಳಿದರೆ ಮುರುಗೇಶಪ್ಪ ಬೇಡವೆಂದು ತಲೆಯಾಡಿಸಿ, ಪಕ್ಕಕ್ಕೆ ಸರಿದು, ತ್ರೀ ಫಿಫ್ಟಿಯೊಂದನ್ನೇ ಕ್ಯಾಮೆರಾದ ಎದುರು ಬಿಡುತ್ತಾರೆ.

“ನಂದು ಬೇಡ ಸಾರ್, ಗಾಡೀದು ಹಾಕಿ. ಅಡೀಲಿ ದಪ್ಪ ಅಕ್ಷರದಲ್ಲಿ ಬರೀರಿ, ಮಾರಾಟಕ್ಕಿಲ್ಲ ಅಂತ.”